ಬಿಟ್ಟ ಸ್ಥಳ ತುಂಬಿರಿ: ಜನಗಣತಿಯಲ್ಲಿ ಕಾಣೆಯಾದ ಅಂಕಿಗಳು

ಪ್ರಶ್ನೆಪತ್ರಿಕೆಯ 'ಬಿಟ್ಟ ಸ್ಥಳ ತುಂಬಿರಿ' ಎಂಬ ಭಾಗ ನಮ್ಮೆಲ್ಲರಿಗೂ ಪರಿಚಿತವಾದದ್ದು. ಮಕ್ಕಳಿಗೆ ಅದು ಪ್ರಿಯವೂ ಹೌದು. ಏಕೆಂದರೆ ಸರಿಯುತ್ತರವು ಪಠ್ಯಪುಸ್ತಕದ ಯಾವುದಾದರೊಂದು ಪುಟದಲ್ಲಿ ಇದ್ದೇ ಇರುತ್ತದೆ. ಇತಿಹಾಸದ ಬಿಟ್ಟ ಸ್ಥಳಗಳು ಅಷ್ಟು ಸುಲಭವಲ್ಲ. ಅಲ್ಲಿ ಉತ್ತರ ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಆದರೂ ಯಾರೋ ಒಬ್ಬರು ಆ ಜಾಗವನ್ನು ತುಂಬಿರುತ್ತಾರೆ, ಕಾಲ ಕಳೆದಂತೆ ಅದು ತುಂಬಿದ ಜಾಗವೆಂಬುದೇ ನಮಗೆ ಮರೆತುಹೋಗುತ್ತದೆ.

ಈ ವಿಚಾರ ಬರೆಯಲು ಕಾರಣವಾದದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಪತ್ರ. ಆಕೆ ಈಗ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅಧ್ಯಾಪಕಿ. ಭಾರತದ ಜನಗಣತಿಯ ಕೋಷ್ಟಕಗಳನ್ನು ಪರಿಶೀಲಿಸುವಾಗ ಆಕೆಗೆ ಒಂದು ಸಂದೇಹ ಬಂದಿತಂತೆ. "ಮೇಷ್ಟ್ರೇ, 1951ರಲ್ಲಿ ಜಮ್ಮು-ಕಾಶ್ಮೀರದಲ್ಲಿ ಜನಗಣತಿಯೇ ನಡೆಯಲಿಲ್ಲ. ಹೀಗಿದ್ದರೂ ಕೋಷ್ಟಕದಲ್ಲಿ ಆ ವರ್ಷದ ಎದುರು 32,53,852 ಎಂಬ ಸಂಖ್ಯೆ ನಿಂತಿದೆ. ಸುಮಾರು ಮೂವತ್ತೆರಡು ಲಕ್ಷ ಎಂದಿದ್ದರೆ ಒಪ್ಪಬಹುದಿತ್ತು. ಎಣಿಸದೇ ಇದ್ದಾಗ ಈ ಕೊನೆಯ ಇಬ್ಬರು ಎಲ್ಲಿಂದ ಬಂದರು?" ಎಂದು ಆಕೆ ಕೇಳಿದ್ದಾಳೆ. ಪ್ರಶ್ನೆ ಚಿಕ್ಕದಾದರೂ ಚೊಕ್ಕವಾಗಿದೆ. ಉತ್ತರವು ಉಳಿದವರಿಗೂ ಉಪಯುಕ್ತವಾದೀತೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ನಮ್ಮ ಹಿರಿಯರು ಖಾನೇಷುಮಾರಿ ಎಂದು ಕರೆಯುತ್ತಿದ್ದ ಈ ಎಣಿಕೆಯ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಬ್ರಿಟಿಷ್ ಆಳ್ವಿಕೆಯಲ್ಲಿ ಮೊದಲನೆಯ ಜನಗಣತಿಯನ್ನು 1872ರದೆಂದು ಹೇಳುವ ರೂಢಿಯಿದ್ದರೂ ಅದು ಬೇರೆ ಬೇರೆ ಪ್ರಾಂತಗಳಲ್ಲಿ ಬೇರೆ ಬೇರೆ ಕಾಲಕ್ಕೆ ನಡೆದದ್ದು. ದೇಶವಿಡೀ ಏಕಕಾಲದಲ್ಲಿ ಎಣಿಕೆಯಾದದ್ದು 1881ರ ಫೆಬ್ರವರಿ 17ರಂದು. ಅಂದಿನಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ತಪ್ಪದೆ ಗಣತಿ ನಡೆದುಬಂದಿತು. ಸರಪಳಿ ತುಂಡಾಗಲಿಲ್ಲ ನಿಜ. ಆದರೆ ಅದರ ಕೆಲವು ಕೊಂಡಿಗಳು ಎಣಿಕೆಯಿಂದ ಬಂದವಲ್ಲ, ಲೆಕ್ಕದಿಂದ ಬಂದವು.

ಈಗ ಕಾಶ್ಮೀರದ ಪ್ರಶ್ನೆಗೆ ಬರೋಣ. ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಅದೇ ಕೋಷ್ಟಕದಲ್ಲಿ 1941ರ ಎದುರಿಗೆ 29,46,728 ಎಂದಿದೆ, 1961ರ ಎದುರಿಗೆ 35,60,976 ಎಂದಿದೆ. ಎರಡನ್ನೂ ಕೂಡಿಸಿದರೆ 65,07,704. ಅದರ ಅರ್ಧ 32,53,852. ಆ ಕೊನೆಯ ಇಬ್ಬರು ಬಂದದ್ದು ಹೀಗೆ, ಹಿಂದಿನ ಮತ್ತು ಮುಂದಿನ ಗಣತಿಗಳ ಸರಾಸರಿಯಿಂದ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದವರು ಇಂಟರ್‌ಪೋಲೇಷನ್ ಎಂದು ಕಲಿಯುವ ವಿಧಾನದ ಅತ್ಯಂತ ಸರಳ ರೂಪವಿದು.

ಇದರಲ್ಲಿ ಮೋಸವೇನೂ ಇಲ್ಲ. ಆದರೆ ಸರಾಸರಿ ಏನು ಹೇಳುತ್ತದೆ ಎಂಬುದನ್ನು ಗಮನಿಸಿ. ಆ ಇಪ್ಪತ್ತು ವರ್ಷಗಳಲ್ಲಿ ವರ್ಷವೊಂದಕ್ಕೆ ಸುಮಾರು ಮೂವತ್ತು ಸಾವಿರದ ಏಳುನೂರು ಜನ, ಏರುಪೇರಿಲ್ಲದೆ, ಹೆಚ್ಚುತ್ತ ಹೋದರು ಎಂದು ಅದು ಹೇಳುತ್ತದೆ. ಅದೇ ಅವಧಿಯ ನಡುವೆ 1947 ಬಂದುಹೋಗಿದೆ. ದೇಶ ವಿಭಜನೆಯಾಯಿತು, ಪಶ್ಚಿಮದಿಂದ ಬುಡಕಟ್ಟು ದಾಳಿಕಾರರು ನುಗ್ಗಿದರು, ಜಮ್ಮುವಿನಲ್ಲಿಯೂ ಮೀರ್‌ಪುರದಲ್ಲಿಯೂ ಕೊಲೆಗಳಾದವು, ಕುಟುಂಬಗಳು ಮನೆಮಠ ಬಿಟ್ಟು ಗಡಿಯ ಆಚೆಗೂ ಈಚೆಗೂ ಹೋದವು, 1949ರ ಜನವರಿ 1ರಂದು ಕದನವಿರಾಮವಾಯಿತು. ಇದಾವುದರ ಕುರುಹೂ ಆ ಸಮನಾದ ಏರಿಕೆಯಲ್ಲಿ ಇಲ್ಲ. ಗಣತಿ ನಿಂತದ್ದು ಯಾವ ಕಾರಣದಿಂದಲೋ, ತುಂಬಿದ ಅಂಕಿಯಿಂದ ಅಳಿಸಿಹೋದದ್ದೂ ಅದೇ ಕಾರಣ. ಈ ಮಾತನ್ನು ನೆನಪಿನಲ್ಲಿಡಿ. ಮುಂದಿನ ಉದಾಹರಣೆಗಳೂ ಇದನ್ನೇ ಹೇಳುತ್ತವೆ.

1981ರಲ್ಲಿ ಅಸ್ಸಾಮಿನಲ್ಲಿ ಗಣತಿ ನಡೆಯಲಿಲ್ಲ. 1979ರಲ್ಲಿ ಆರಂಭವಾದ ಚಳವಳಿ ಆಗ ಉಗ್ರವಾಗಿತ್ತು. ಹೊರದೇಶದಿಂದ ಬಂದವರು ಎಷ್ಟು ಮಂದಿ, ಮೂಲ ನಿವಾಸಿಗಳು ಎಷ್ಟು ಮಂದಿ ಎಂಬುದೇ ಅಲ್ಲಿನ ವಿವಾದದ ತಿರುಳು. ತಲೆಯೆಣಿಕೆಯೇ ಜಗಳದ ವಿಷಯವಾಗಿದ್ದ ರಾಜ್ಯದಲ್ಲಿ ತಲೆಯೆಣಿಕೆಯೇ ಆಗಲಿಲ್ಲ. ಹಿಂದಿನ ಬೆಳವಣಿಗೆಯನ್ನು ಆಧರಿಸಿ ಅಸ್ಸಾಮಿಗೆ 1,98,96,843 ಎಂದು ಅಂದಾಜು ಮಾಡಿ ದೇಶದ ಮೊತ್ತಕ್ಕೆ ಸೇರಿಸಿದರು. ಹೀಗೆ ಬಂದ ರಾಷ್ಟ್ರದ ಜನಸಂಖ್ಯೆ 68,51,84,692.

ಹತ್ತು ವರ್ಷ ಕಳೆದು 1991ರ ಗಣತಿ ಅಸ್ಸಾಮಿನಲ್ಲಿ ಸುಸೂತ್ರವಾಗಿ ನಡೆದಾಗ ಅಲ್ಲಿ ಸಿಕ್ಕ ಜನ 2,24,14,322. ನಿರೀಕ್ಷಿಸಿದ್ದಷ್ಟು ಬೆಳವಣಿಗೆ ಆಗಿರಲಿಲ್ಲ. 1971ರ 1,46,25,152 ಮತ್ತು 1991ರ ಈ ಸಂಖ್ಯೆಯ ನಡುವೆ ಹೊಸದಾಗಿ ಲೆಕ್ಕ ಹಾಕಿ 1981ರ ಅಂಕಿಯನ್ನು 1,80,41,248ಕ್ಕೆ ಇಳಿಸಲಾಯಿತು. ಅದರೊಂದಿಗೆ ಇಡೀ ಭಾರತದ 1981ರ ಜನಸಂಖ್ಯೆಯೂ 68,33,29,097ಕ್ಕೆ ಇಳಿಯಿತು. ಹದಿನೆಂಟೂವರೆ ಲಕ್ಷಕ್ಕೂ ಹೆಚ್ಚು ಜನ ಹುಟ್ಟಲೂ ಇಲ್ಲ, ಸಾಯಲೂ ಇಲ್ಲ. ಕಾಗದದ ಮೇಲೆ ಬಂದರು, ಕಾಗದದ ಮೇಲಿಂದಲೇ ಹೋದರು. ಹಳೆಯ ಪುಸ್ತಕದಲ್ಲಿ 68.52 ಕೋಟಿ, ಹೊಸದರಲ್ಲಿ 68.33 ಕೋಟಿ ಎಂದಿರುವುದನ್ನು ಕಂಡು ಯಾವುದು ಅಚ್ಚಿನ ದೋಷವೆಂದು ನನ್ನನ್ನು ಕೇಳಿದವರುಂಟು. ಎರಡೂ ಅಚ್ಚಿನ ದೋಷವಲ್ಲ.

ಆಸಕ್ತರಿಗೆ ಒಂದು ಲೆಕ್ಕದ ಸೂಕ್ಷ್ಮ. ಅಸ್ಸಾಮಿನ ಎರಡು ಅಂಕಿಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಸುಮಾರು 185 ಲಕ್ಷ ಬರುತ್ತದೆ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 181 ಲಕ್ಷ ಬರುತ್ತದೆ. ಅಧಿಕೃತ ಅಂಕಿ ಈ ಎರಡನೆಯದಕ್ಕೆ ಸಮೀಪವಾದದ್ದು. ಜನಸಂಖ್ಯೆಯು ಚಕ್ರಬಡ್ಡಿಯ ಹಾಗೆ ಬೆಳೆಯುವುದರಿಂದ ಗುಣೋತ್ತರ ಸರಾಸರಿ ಇಲ್ಲಿ ಹೆಚ್ಚು ಯುಕ್ತ.

1991ರಲ್ಲಿ ಭಯೋತ್ಪಾದನೆಯ ಕಾರಣದಿಂದ ಜಮ್ಮು-ಕಾಶ್ಮೀರದಲ್ಲಿ ಗಣತಿ ಮತ್ತೆ ತಪ್ಪಿತು. ಕಣಿವೆಯಿಂದ ಪಂಡಿತರ ಕುಟುಂಬಗಳು ಹೊರಟುಹೋದದ್ದು ಅದರ ಹಿಂದಿನ ವರ್ಷ. ಮೊದಲು 77,18,700 ಎಂಬ ಅಂದಾಜು ಬಂದಿತು. 2001ರ ಎಣಿಕೆಯ ನಂತರ ಅದು 78,37,051 ಆಯಿತು. ದೇಶದ ಮೊತ್ತವೂ 84,63,02,688ರಿಂದ 84,64,21,039ಕ್ಕೆ ಏರಿತು. 2001ರಲ್ಲಿ ಮಣಿಪುರದ ಸೇನಾಪತಿ ಜಿಲ್ಲೆಯ ಮಾವೊ ಮರಾಮ್, ಪಾವೊಮಾತಾ, ಪುರುಲ್ ಎಂಬ ಮೂರು ಉಪವಿಭಾಗಗಳ ಗಣತಿಯ ಫಲಿತಾಂಶ ರದ್ದಾಯಿತು. ಆದ್ದರಿಂದ ಆ ವರ್ಷದ ಭಾರತಕ್ಕೂ ಎರಡು ಮೊತ್ತಗಳಿವೆ: ಅವನ್ನು ಬಿಟ್ಟು 1,02,86,10,328, ಅಂದಾಜು ಸೇರಿಸಿ 1,02,87,37,436. ಯಾವ ಕೋಷ್ಟಕದಲ್ಲಿ ಯಾವುದನ್ನು ಬಳಸಿದ್ದಾರೆಂದು ನೋಡದೆ ಒಂದರಿಂದ ಇನ್ನೊಂದನ್ನು ಕಳೆಯಹೊರಟರೆ ಲೆಕ್ಕ ತಾಳೆಯಾಗದು.

ಇಷ್ಟು ಓದಿದ ಮೇಲೆ, "ಹೇಗೂ ಅಂದಾಜು ಹತ್ತಿರ ಹತ್ತಿರವೇ ಬರುತ್ತದಲ್ಲ, ಅದಕ್ಕೇಕೆ ಇಷ್ಟು ಚಿಂತೆ?" ಎಂದು ಕೆಲವರಿಗೆ ಅನಿಸಬಹುದು. ಅವರಿಗಾಗಿ ನಮ್ಮ ಹಳೆಯ ಮೈಸೂರಿನಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ.

ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಗಣತಿ ನಡೆದಾಗ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. 1876ರಿಂದ 1878ರವರೆಗೆ ಮಹಾಕ್ಷಾಮ. ಹಿರಿಯರ ಬಾಯಲ್ಲಿ ಅದು ಧಾತು, ಈಶ್ವರ ಸಂವತ್ಸರಗಳ ಬರ. ಪೂರ್ವದ ಬಯಲುಸೀಮೆಯ ಜಿಲ್ಲೆಗಳಲ್ಲಿ ಮಳೆ ಕೈಕೊಟ್ಟಿತು, ರಾಗಿ ಒಣಗಿತು, ಊರಿಗೆ ಊರೇ ಬರಿದಾದ ಕಡೆಗಳುಂಟು. ಚಾಮರಾಜೇಂದ್ರ ಒಡೆಯರಿಗೆ 1881ರ ಮಾರ್ಚ್ 25ರಂದು ರಾಜ್ಯ ಮರಳಿ ದೊರೆಯುವುದಕ್ಕೆ ಸುಮಾರು ಒಂದು ತಿಂಗಳ ಮೊದಲು ನಡೆದ ಗಣತಿಯಲ್ಲಿ ಸಿಕ್ಕವರು ಕೇವಲ 41 ಲಕ್ಷ 86 ಸಾವಿರ. ನೂರಕ್ಕೆ ಹದಿನೇಳರಷ್ಟು ಜನ ಇಲ್ಲವಾಗಿದ್ದರು. 1891ರ ಹೊತ್ತಿಗೆ ಚೇತರಿಸಿಕೊಂಡು ಸಂಖ್ಯೆ 49 ಲಕ್ಷ 44 ಸಾವಿರಕ್ಕೆ ಬಂದಿತು.

ಒಂದು ವೇಳೆ 1881ರ ಎಣಿಕೆ ಮೈಸೂರಿನಲ್ಲಿ ನಡೆಯದೇ ಹೋಗಿದ್ದರೆ? ಕಾಶ್ಮೀರಕ್ಕೆ ಬಳಸಿದ ಸೂತ್ರವನ್ನೇ ಇಲ್ಲಿಯೂ ಬಳಸಿ. 1871 ಮತ್ತು 1891ರ ಅಂಕಿಗಳ ಸರಾಸರಿ ಸುಮಾರು ಐವತ್ತು ಲಕ್ಷ! ಕೋಷ್ಟಕ ನೋಡಿದವರು, ಮೈಸೂರಿನ ಜನಸಂಖ್ಯೆ ಇಪ್ಪತ್ತು ವರ್ಷ ಹೆಚ್ಚುಕಡಿಮೆ ಇದ್ದಲ್ಲಿಯೇ ಇತ್ತು, ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ ಎಂದುಕೊಳ್ಳುತ್ತಿದ್ದರು. ಎಂಟು ಲಕ್ಷಕ್ಕೂ ಹೆಚ್ಚು ಜನರ ಗೈರುಹಾಜರಿ ಒಂದು ಭಾಗಾಕಾರದಲ್ಲಿ ಮುಚ್ಚಿಹೋಗುತ್ತಿತ್ತು. ಸಾವಿನ ನೋಂದಣಿ ನೆಚ್ಚಿಕೊಳ್ಳುವಂತಿರದಿದ್ದ ಆ ಕಾಲದಲ್ಲಿ, ಕ್ಷಾಮದಲ್ಲಿ ಅಳಿದವರ ಲೆಕ್ಕಕ್ಕೆ ನಮಗಿರುವ ದೊಡ್ಡ ಆಧಾರವೇ ಎರಡು ಗಣತಿಗಳ ನಡುವಿನ ಆ ವ್ಯತ್ಯಾಸ. ಎಂದಿನಂತೆ ಬೆಳೆದಿದ್ದರೆ 1881ರಲ್ಲಿ ಐವತ್ತು ಲಕ್ಷವನ್ನೂ ಮೀರಿ ಜನರಿರಬೇಕಿತ್ತು. ಆದ್ದರಿಂದ ನಿಜವಾದ ನಷ್ಟ ಆ ವ್ಯತ್ಯಾಸಕ್ಕಿಂತಲೂ ಹೆಚ್ಚಿನದು. ಸಾಲಿನಲ್ಲಿ ಇಲ್ಲದ ಒಂದು ಸಂಗತಿಯನ್ನು ಇರುವ ಎರಡು ಸಂಖ್ಯೆಗಳಿಂದ ಹೊರತೆಗೆಯುವುದೆಂದರೆ ಇದೇ.

ಇಲ್ಲಿಯವರೆಗೆ ಹೇಳಿದ್ದು ಊರುಗಳೇ ಬಿಟ್ಟುಹೋದ ಬಗೆ. ಎಲ್ಲರನ್ನೂ ಎಣಿಸಿಯೂ ಒಂದು ಪ್ರಶ್ನೆಯ ಕಾಲಂ ಮಾತ್ರ ಬಿಟ್ಟುಹೋಗುವುದು ಇನ್ನೊಂದು ಬಗೆ. 1941ರಲ್ಲಿ ಎರಡನೆಯ ಮಹಾಯುದ್ಧದ ಕಾರಣ ಮಾಹಿತಿ ಕಲೆಹಾಕಿದರೂ ಕೋಷ್ಟಕಗಳನ್ನು ತಯಾರಿಸಲು ಹಣವಿರಲಿಲ್ಲ. ಐವತ್ತು ಚೀಟಿಗಳಿಗೆ ಒಂದರಂತೆ ತೆಗೆದಿರಿಸಿದ ಮಾದರಿಯೊಂದು ಉಳಿದುಕೊಂಡಿತು. ಮುಂದೆ ಆ ದಶಕದ ವಯಸ್ಸಿನ ಕೋಷ್ಟಕಗಳನ್ನು ಕಟ್ಟಿದ್ದು ಆ ನೂರಕ್ಕೆ ಎರಡು ಚೀಟಿಗಳಿಂದಲೇ. ಅಂದಿನ ಯಾರೋ ಗುಮಾಸ್ತರು ಅವನ್ನು ಜೋಪಾನವಾಗಿ ಕಟ್ಟಿಟ್ಟ ಪುಣ್ಯ ಅದು.

ಅಖಿಲ ಭಾರತದ ಜಾತಿವಾರು ಕೋಷ್ಟಕ ಕೊನೆಯ ಬಾರಿಗೆ ಪೂರ್ಣವಾಗಿ ಬಂದದ್ದು 1931ರಲ್ಲಿ. ಸ್ವಾತಂತ್ರ್ಯಾನಂತರ ಪರಿಶಿಷ್ಟ ಜಾತಿ, ಪಂಗಡಗಳನ್ನು ಬಿಟ್ಟು ಉಳಿದ ಜಾತಿಗಳನ್ನು ಎಣಿಸುವುದನ್ನು ಕೈಬಿಡಲಾಯಿತು. ಹೀಗಾಗಿ 1980ರಲ್ಲಿ ವರದಿ ಕೊಟ್ಟ ಮಂಡಲ್ ಆಯೋಗವು ಹಿಂದುಳಿದವರ ಪ್ರಮಾಣವನ್ನು ನೂರಕ್ಕೆ 52 ಎಂದು ಅಂದಾಜಿಸಲು ಐವತ್ತು ವರ್ಷ ಹಿಂದಿನ 1931ರ ಅಂಕಿಗಳನ್ನೇ ಆಶ್ರಯಿಸಬೇಕಾಯಿತು. ಜಾತಿಯನ್ನು ಎಣಿಸಬೇಕೇ ಬೇಡವೇ ಎಂಬ ಚರ್ಚೆ ಬೇರೆ. ಆದರೆ ಒಂದು ಕಾಲಂ ಕೈಬಿಟ್ಟ ಮಾತ್ರಕ್ಕೆ ಅದರ ಅಗತ್ಯ ಹೋಗುವುದಿಲ್ಲ, ಹಳೆಯ ಅಂಕಿಯೇ ಹೊಸದರ ಸ್ಥಾನದಲ್ಲಿ ಕೂರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಎಲ್ಲಕ್ಕಿಂತ ಗಹನವಾದದ್ದು ಸ್ತ್ರೀಯರ ಲೆಕ್ಕ. 1901ರಲ್ಲಿ ಭಾರತದಲ್ಲಿ ಸಾವಿರ ಪುರುಷರಿಗೆ 972 ಸ್ತ್ರೀಯರಿದ್ದರು. 1961ರಲ್ಲಿ 941, 1971ರಲ್ಲಿ 930. ಈ ಸ್ತ್ರೀಯರು ಬದುಕಿದ್ದೂ ಎಣಿಕೆಯಿಂದ ತಪ್ಪಿಸಿಕೊಂಡವರೋ ಅಥವಾ ಬದುಕಿಲ್ಲದವರೋ? ಮೊದಲನೆಯದು ಅಸಂಭವವೇನಲ್ಲ. 1981ರಲ್ಲಿಯೂ 1991ರಲ್ಲಿಯೂ ನಾನು ಗಣತಿದಾರನಾಗಿ ಮನೆಮನೆ ಸುತ್ತಿದವನು. "ಮಕ್ಕಳೆಷ್ಟು?" ಎಂದರೆ "ಇಬ್ಬರು" ಎನ್ನುತ್ತಿದ್ದ ಯಜಮಾನರು, "ಹೆಣ್ಣುಮಕ್ಕಳು?" ಎಂದು ಮತ್ತೆ ಕೇಳಿದ ಮೇಲೆ, "ಅವು ಮೂರಿವೆ ಮೇಷ್ಟ್ರೇ" ಎನ್ನುತ್ತಿದ್ದುದನ್ನು ಕಿವಿಯಾರೆ ಕೇಳಿದ್ದೇನೆ. ಎರಡನೆಯ ಪ್ರಶ್ನೆ ಕೇಳದ ಗಣತಿದಾರನ ಪುಸ್ತಕದಲ್ಲಿ ಆ ಮೂವರು ಇರುತ್ತಿರಲಿಲ್ಲ.

ಈ ಸಂದೇಹವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರು ಪ್ರವೀಣ್ ವಿಸಾರಿಯಾ. 1961ರ ಜನಗಣತಿಯ ಪ್ರಬಂಧ ಮಾಲೆಗಾಗಿ ಬರೆದ ಅಧ್ಯಯನದಲ್ಲಿ ಅವರು ಒಂದೊಂದೇ ಕಾರಣವನ್ನು ತೂಗಿ ನೋಡಿದರು. ಎಣಿಕೆಯಲ್ಲಿ ಹೆಣ್ಣುಗಳು ಬಿಟ್ಟುಹೋದದ್ದು ಇಷ್ಟು ದೊಡ್ಡ ಅಂತರಕ್ಕೆ ಸಾಲದು. ಆಸ್ಪತ್ರೆಗಳಲ್ಲಿ ದಾಖಲಾದ ಜನನಗಳನ್ನು ನೋಡಿದರೆ ಹುಟ್ಟುವಾಗಿನ ಅನುಪಾತವೂ ಬೇರೆ ದೇಶಗಳಿಗಿಂತ ವಿಶೇಷ ಭಿನ್ನವಲ್ಲ. ಉಳಿಯುವ ಕಾರಣ ಒಂದೇ, ಗಂಡಸರಿಗಿಂತ ಹೆಂಗಸರು ಹೆಚ್ಚಾಗಿ ಸಾಯುತ್ತಿದ್ದರು. ಕಾಣೆಯಾದದ್ದು ಕಾಗದದಿಂದಲ್ಲ, ಮನೆಗಳಿಂದ. ಆನಂತರದ ದಶಕಗಳಲ್ಲಿ ಹುಟ್ಟುವ ಮೊದಲೇ ಹೆಣ್ಣನ್ನು ತಡೆಯುವ ಕ್ರೌರ್ಯವೂ ಸೇರಿಕೊಂಡಿತು. ಆರು ವರ್ಷದವರೆಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 1991ರಲ್ಲಿ 945 ಹೆಣ್ಣು ಇದ್ದದ್ದು 2001ರಲ್ಲಿ 927ಕ್ಕೆ ಇಳಿದದ್ದು ಅದರ ಸಾಕ್ಷಿ.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಬಿಟ್ಟ ಸ್ಥಳ ತುಂಬಲು ನಮಗೆ ಅಂದಾಜಿಗಿಂತ ಸಂಕಲನ ಹೆಚ್ಚು ಬೇಕು. 1956ಕ್ಕೆ ಮೊದಲು ಈ ರಾಜ್ಯವೇ ಇರಲಿಲ್ಲ. 1951ರ ಕರ್ನಾಟಕದ ಜನರನ್ನು ಹುಡುಕಬೇಕಾದರೆ ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂಬ ಐದು ಸಂಪುಟಗಳನ್ನು ತೆರೆಯಬೇಕು. ಜಿಲ್ಲೆಗಳನ್ನು ಕೂಡಿಸಿದರೂ ಸಾಲದು. ಬೆಳಗಾವಿಯಿಂದ ಚಂದಗಡ, ದಕ್ಷಿಣ ಕನ್ನಡದಿಂದ ಕಾಸರಗೋಡು, ಬಳ್ಳಾರಿಯಿಂದ ಆದೋನಿ, ಆಲೂರು, ರಾಯದುರ್ಗಗಳನ್ನು ಕಳೆಯಬೇಕು, ಕೊಯಮತ್ತೂರಿನಿಂದ ಕೊಳ್ಳೇಗಾಲವನ್ನು ಸೇರಿಸಬೇಕು. ಹೀಗೆ ತಾಲ್ಲೂಕು ತಾಲ್ಲೂಕಾಗಿ ಜೋಡಿಸಿದಾಗ 1951ಕ್ಕೆ ಸುಮಾರು 1 ಕೋಟಿ 94 ಲಕ್ಷ ಎಂಬ ಮೊತ್ತ ದೊರೆಯುತ್ತದೆ. ಇದು ಸರಾಸರಿಯ ಅಂಕಿಯಲ್ಲ, ಪ್ರತಿಯೊಬ್ಬರೂ ಎಲ್ಲೋ ಒಂದು ಕಡೆ ಎಣಿಸಲ್ಪಟ್ಟವರೇ.

1997ರಲ್ಲಿ ಹೊಸ ಜಿಲ್ಲೆಗಳಾದಾಗಲೂ ಇದೇ ಕೆಲಸ. 1991ರ ಗಣತಿಯಲ್ಲಿ ದಾವಣಗೆರೆ ಜಿಲ್ಲೆಯನ್ನು ಹುಡುಕಿದರೆ ಸಿಗದು. ಚಿತ್ರದುರ್ಗದ ಪುಟದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದ ಪುಟದಿಂದ ಚನ್ನಗಿರಿ, ಹೊನ್ನಾಳಿ, ಬಳ್ಳಾರಿಯ ಪುಟದಿಂದ ಹರಪನಹಳ್ಳಿ ಆರಿಸಿ ಕೂಡಿಸಬೇಕು. ಆ ಹರಪನಹಳ್ಳಿಯೋ ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜನ ಇದ್ದಲ್ಲಿಯೇ ಇದ್ದರು. ಅಂಕಿಗಳು ಮಾತ್ರ ಗುಳೆ ಹೋದವು.

ಇಷ್ಟೆಲ್ಲ ಹಳೆಯ ಕಥೆಯನ್ನು ಈಗ ಹೇಳಲು ಒಂದು ಕಾರಣವಿದೆ. 2021ರ ಸಾಲು ಇಡೀ ದೇಶಕ್ಕೇ ಖಾಲಿ. 2020ರ ಏಪ್ರಿಲ್‌ನಲ್ಲಿ ಮನೆಪಟ್ಟಿಯ ಕೆಲಸ ಆರಂಭವಾಗಬೇಕಿತ್ತು; ಕೋವಿಡ್ ಬಂದು ಎಲ್ಲವೂ ನಿಂತಿತು. 1881ರಿಂದ ಮಹಾಯುದ್ಧವೂ ತುಂಡರಿಸದ ಸರಪಳಿ ಅಂದು ತುಂಡಾಯಿತು. 2025ರ ಜೂನ್‌ನ ಅಧಿಸೂಚನೆ ಹಿಮಪ್ರದೇಶಗಳನ್ನು ಬಿಟ್ಟು ಉಳಿದೆಡೆಗೆ 2027ರ ಮಾರ್ಚ್ 1ನ್ನು ಗಣತಿಯ ದಿನವೆಂದು ಗೊತ್ತುಪಡಿಸಿತು; ಜಾತಿಯನ್ನೂ ಎಣಿಸಲಾಗುವುದೆಂದು ಅದೇ ವರ್ಷ ತೀರ್ಮಾನವಾಯಿತು.

ನಡುವಿನ ಹದಿನಾರು ವರ್ಷಗಳ ಪರಿಣಾಮ ಪುಸ್ತಕಕ್ಕೆ ಸೀಮಿತವಲ್ಲ. 2013ರ ಆಹಾರ ಭದ್ರತಾ ಕಾಯಿದೆಯಡಿ ಪಡಿತರ ಪಡೆಯುವವರ ಸಂಖ್ಯೆಯನ್ನು ಸುಮಾರು 81 ಕೋಟಿ ಎಂದು ನಿಗದಿಮಾಡಿದ್ದು 2011ರ ಜನಸಂಖ್ಯೆಯ ಆಧಾರದ ಮೇಲೆ. ಜನ ಹೆಚ್ಚಿದರೂ ಆ ಸಂಖ್ಯೆ ಹೆಚ್ಚಲಿಲ್ಲ. 2011ರ ಮಾರ್ಚ್ ನಂತರ ಹುಟ್ಟಿದ ಮಗು, ಅಂದರೆ ನಿಮ್ಮಲ್ಲಿ ಅನೇಕರ ಮಗ, ಮಗಳು, ಮೊಮ್ಮಗು, ಮೊದಲ ಬಾರಿ ದೇಶದ ಲೆಕ್ಕಕ್ಕೆ ಬರುವ ಹೊತ್ತಿಗೆ ಹೈಸ್ಕೂಲು ಮುಗಿಸುವ ವಯಸ್ಸಿಗೆ ಬಂದಿರುತ್ತದೆ.

2027ರ ಅಂಕಿ ಬಂದಾಗ ಯಾರಾದರೊಬ್ಬರು 2011ರಿಂದ ಅಲ್ಲಿಗೆ ಒಂದು ನುಣುಪಾದ ಗೆರೆ ಎಳೆದು 2021ರ ಜಾಗವನ್ನು ತುಂಬುತ್ತಾರೆ. ಅದು ಅನಿವಾರ್ಯ. ಆದರೆ ಆ ಗೆರೆಯ ಕೆಳಗೆ 2020 ಮತ್ತು 2021ರ ಸಾವುಗಳು ಇರುತ್ತವೆ, ಊರಿಗೆ ನಡೆದುಹೋದ ಕೂಲಿಕಾರರು ಇರುತ್ತಾರೆ. ಧಾತು ಸಂವತ್ಸರದವರಿಗೆ 1881ರ ಎಣಿಕೆ ಸಾಕ್ಷಿ ಹೇಳಿತು. ಇವರಿಗೆ ಅಂಥ ಸಾಕ್ಷಿಯಿಲ್ಲ. ವಯಸ್ಸಿನ ಕೋಷ್ಟಕಗಳಿಂದಲೂ ನೋಂದಣಿಯ ದಾಖಲೆಗಳಿಂದಲೂ ಮುಂದಿನವರು ಕಷ್ಟಪಟ್ಟು ಹೊರತೆಗೆಯಬೇಕಾಗುತ್ತದೆ. ಆದ್ದರಿಂದಲೇ, ತುಂಬಿದ ಅಂಕಿಯ ಪಕ್ಕದಲ್ಲಿ ಇದು ಎಣಿಸಿದ್ದಲ್ಲ ಎಂಬ ನಕ್ಷತ್ರ ಚಿಹ್ನೆ ಎಂದೆಂದಿಗೂ ಇರಬೇಕು. ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುವಾಗ ಮೊದಲು ಬಿದ್ದುಹೋಗುವುದು ಆ ಚಿಹ್ನೆಯೇ.

ರೂಢಿಯಂತೆ ಮನೆಗೆಲಸ ಕೊಟ್ಟು ಮುಗಿಸುತ್ತೇನೆ. ನಿಮ್ಮ ತಾಲ್ಲೂಕಿನ ಜನಸಂಖ್ಯೆಯನ್ನು 1901ರಿಂದ 2011ರವರೆಗೆ ಒಂದು ಹಾಳೆಯಲ್ಲಿ ಬರೆಯಿರಿ. ಎಲ್ಲಿ ಏರಿಕೆ ತಗ್ಗಿದೆ, ಎಲ್ಲಿ ಅಂಕಿ ಇಳಿದಿದೆ ಎಂದು ಗುರುತು ಹಾಕಿ. 1921ರ ಎದುರು ಗುರುತು ಬಿದ್ದರೆ ಅದು 1918ರ ಇನ್‌ಫ್ಲೂಯೆಂಜಾ ಇರಬಹುದು. ಬೇರೆ ಕಡೆ ಬಿದ್ದರೆ ಪ್ಲೇಗೋ, ಬರವೋ, ಅಣೆಕಟ್ಟಿನಲ್ಲಿ ಮುಳುಗಿದ ಊರೋ ಇರಬಹುದು. ಮನೆಯಲ್ಲಿ ಹಿರಿಯರಿದ್ದರೆ ಕೇಳಿ ಪಕ್ಕದಲ್ಲಿ ಬರೆದುಕೊಳ್ಳಿ. ಹಾಳೆಯನ್ನು ನನಗೂ ಕಳಿಸಿಕೊಡಿ. ಕೆಂಪು ಶಾಯಿಯ ಪೆನ್ನು ಇನ್ನೂ ಮೇಜಿನ ಮೇಲೆಯೇ ಇದೆ.